ನೆಲ ಡೊಂಕು

ಉಕ್ಕಿನ ಕಡ್ಡಿ ರಿವಾಲ್ವರಿನ ನಳಿಗೆಯೊಳಗೆ ಸರಾಗವಾಗಿ ಇಳಿದು, ಕೊನೆಯಲ್ಲಿ ಟಕ್ ಎಂದು ತಡೆದು ನಿಂತಿತು. ಬಂದೂಕು ರಿಪೇರಿಯ ಮುದುಕ ಮುಖ ಸಿಂಡರಿಸಿ, ಚಕ್ರವನ್ನು ಇನ್ನೊಂದು ತೂತಿಗೆ ತಿರುಗಿಸಿ ಮತ್ತೆ ಕಡ್ಡಿ ಬಿಟ್ಟ. ಮತ್ತೆ ಟಕ್. ಚಕ್ರದ ತೂತು ನಳಿಗೆಗೆ ನೇರವಾಗಿ ನಿಂತಿದ್ದರೆ ಕಡ್ಡಿ ತಡೆಯದೆ ಒಳಗಿಳಿಯಬೇಕಿತ್ತು.

“ಹೊಸ ಸೊಸೆ ಸರಿಯಾಗಿ ಕೂತಿಲ್ಲ,” ಎಂದ.

ಪಕ್ಕದ ಮೇಜಿನಲ್ಲಿ ಸ್ಪ್ರಿಂಗು ಆರಿಸುತ್ತಿದ್ದ ಅವನ ನಿಜವಾದ ಸೊಸೆ ತಲೆ ಎತ್ತಲಿಲ್ಲ. ಆ ಅಂಗಡಿಯಲ್ಲಿ ರಿವಾಲ್ವರಿನ ಸಿಲಿಂಡರಿಗೆ, ಅಂದರೆ ಗುಂಡು ಕೂರುವ ಆರು ತೂತಿನ ಚಕ್ರಕ್ಕೆ, ಸೊಸೆ ಎಂದೇ ಹೆಸರು. ಹಿಂದೆ “ಸಿಲಿಂಡರ್ ಬಂತು” ಎಂದು ಕೂಗಿದಾಗಲೆಲ್ಲ ಅತ್ತೆ ಅಡಿಗೆಮನೆಯಿಂದ ಖಾಲಿ ಗ್ಯಾಸ್ ಉರುಳಿಸಿಕೊಂಡು ಬರುತ್ತಿದ್ದಳಂತೆ. ಎಲ್ಲೋ ಹುಟ್ಟಿ, ಇನ್ನೆಲ್ಲೋ ಹೊಂದಿಕೊಳ್ಳಬೇಕಾದದ್ದು ಎಂದು ಮುದುಕ ಈ ಹೆಸರಿಟ್ಟ. ರಿವಾಲ್ವರಿನ ಉಳಿದ ಮೈಯೆಲ್ಲ ‘ಮನೆ’. ಅವನ ಕಾನೂನು ಒಂದೇ: ಹೊಂದದಿದ್ದರೆ ಸೊಸೆಗೆ ಅರ ಹಾಕಬೇಕು, ಮನೆಯನ್ನು ಮುಟ್ಟಬಾರದು.

ಸ್ಪ್ರಿಂಗು ಆರಿಸುತ್ತಿದ್ದವಳು ಅವನ ಮಗನಿಗೆ ಎರಡನೆಯ ಹೆಂಡತಿ. ಮೊದಲನೆಯವಳು ಎರಡು ವರ್ಷ ಇದ್ದು ಹೊರಟುಹೋದಳು. ಯಾಕೆಂದು ತಿಳಿಯುವ ಆಸೆ ಇವಳಿಗೆ ಬಂದ ದಿನದಿಂದಲೂ ಇತ್ತು. ಗಂಡನನ್ನು ಕೇಳಿದರೆ ಅಪ್ಪನ ಮುಖ ನೋಡುತ್ತಾನೆ, ಅತ್ತೆಯನ್ನು ಕೇಳಿದರೆ ಒಲೆಯ ಕಡೆ ತಿರುಗುತ್ತಾಳೆ. ಮಾವನದು ಮಾತ್ರ ಒಂದೇ ಪದ: “ಹೊಂದಲಿಲ್ಲ.”

ರಿವಾಲ್ವರು ಕುದುರೆ ಡಾಕ್ಟರಮ್ಮನದು. ಕಾಲು ಮುರಿದು ನರಳುವ ಕುದುರೆಗೆ ಬಿಡುಗಡೆ ಕೊಡಲು ವರ್ಷಕ್ಕೊಮ್ಮೆ ಹೊರಬರುವ, ಅಂಗೈಯಗಲದ ಸಾಮಾನು. ಕಳೆದ ಸಲ ಗುಂಡು ನಳಿಗೆಯ ಅಂಚಿಗೆ ಉಜ್ಜಿ, ಸೀಸದ ಚೂರು ಪಕ್ಕಕ್ಕೆ ಸಿಡಿದು ಅವಳ ಹೆಬ್ಬೆರಳು ಸೀಳಿತ್ತು. ಚಕ್ರ ಸವೆದಿದೆ, ಹೊಸದು ಹಾಕೋಣ ಎಂದು ಮುದುಕನೇ ತರಿಸಿದ್ದ. ಅಂಗಡಿಯ ನಿಯಮದಂತೆ ಗುಂಡುಗಳನ್ನು ಹೊರಬಾಗಿಲ ಪಕ್ಕದ ಡಬ್ಬಿಯಲ್ಲಿಟ್ಟು, ಬ್ಯಾಂಡೇಜು ಸುತ್ತಿದ ಬೆರಳು ಸವರಿಕೊಳ್ಳುತ್ತಾ ಅವಳು ಸ್ಟೂಲಿನ ಮೇಲೆ ಕುಳಿತಿದ್ದಳು. ಅಷ್ಟಾದರೂ ಮುದುಕ ಕೈಗೆತ್ತಿಕೊಂಡಾಗಲೆಲ್ಲ ಆರೂ ತೂತಿನಲ್ಲಿ ಬೆಳಕು ಕಾಣುತ್ತದೆಯೇ ಎಂದು ನೋಡುತ್ತಿದ್ದ. ಆ ವಿಷಯದಲ್ಲಿ ಅವನನ್ನು ಮೆಚ್ಚಲೇಬೇಕು.

ಮುದುಕ ಅರ ಹುಡುಕಲು ಎದ್ದಾಗ ಸೊಸೆಗೆ ಸುಮ್ಮನಿರಲಾಗಲಿಲ್ಲ. ಕೆಂಪು ಪೆನ್ಸಿಲಿನಿಂದ ತೂತುಗಳಿಗೆ ಒಂದರಿಂದ ಆರು ಎಂದು ಬರೆದು, ಒಂದೊಂದಕ್ಕೂ ಕಡ್ಡಿ ಬಿಟ್ಟಳು. ಆರಕ್ಕೆ ಆರೂ ತಡೆದವು, ಎಲ್ಲವೂ ಎಡಗಡೆ, ಎಲ್ಲವೂ ಕೂದಲೆಳೆಯಷ್ಟೇ. ತಟ್ಟೆಯಲ್ಲಿ ಬಿದ್ದಿದ್ದ ಹಳೆಯ ಚಕ್ರವನ್ನು ಎತ್ತಿ ಭೂತಗನ್ನಡಿ ಹಿಡಿದಳು. ಅದು ಕಚ್ಚಿಕೊಂಡು ನಿಲ್ಲುವ ಆರು ಕಚ್ಚುಗಳಲ್ಲೂ ಅರದ ಗೀರುಗಳಿದ್ದವು, ಎಲ್ಲವೂ ಒಂದೇ ಕಡೆ. ಅರದ ಗೀರು ಎಂದರೆ ಕೈಬರಹ ಇದ್ದ ಹಾಗೆ, ಯಾರದೆಂದು ಕೇಳಬೇಕಿರಲಿಲ್ಲ.

“ಮಾವ, ತಪ್ಪು ಚಕ್ರದ್ದಾಗಿದ್ರೆ ಒಂದೋ ಎರಡೋ ತೂತು ತಡೀಬೇಕಿತ್ತು. ಎಲ್ಲಾ ಒಂದೇ ಕಡೆ ತಡೀತಿವೆ. ಮನೆ ಬಿಚ್ಚಿ ನೋಡೋಣ್ವಾ?”

“ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ,” ಎಂದ ಮುದುಕ, ಅರದ ಧೂಳು ಊದುತ್ತಾ.

ಡಾಕ್ಟರಮ್ಮ ನಕ್ಕಳು. ಸೊಸೆಗೆ ನಗು ಬರಲಿಲ್ಲ, ಹೆದರಿಕೆಯಾಯಿತು. ಮೊದಲನೆಯವಳ ಜಗಳವೂ ಇಂಥದೇ ಒಂದು ಪ್ರಶ್ನೆಯಿಂದ ಶುರುವಾಗಿತ್ತೋ ಏನೋ. ಬಾಯಿ ಮುಚ್ಚಿಕೊಂಡು ಸ್ಪ್ರಿಂಗು ಆರಿಸಿದರೆ ಈ ಮನೆಯಲ್ಲಿ ತನಗೇನೂ ಕಡಿಮೆಯಿಲ್ಲ. ಆದರೆ ಮುಂದಿನ ಸಲ ಸಿಡಿಯುವ ಚೂರು ಡಾಕ್ಟರಮ್ಮನ ಬೆರಳಿಗೇ ತೃಪ್ತಿಪಡುತ್ತದೆಂದು ಯಾರು ಹೇಳಬೇಕು? ಅವಳು ಹಳೆಯ ಚಕ್ರವನ್ನು ಮಾವನ ಮುಂದಿಟ್ಟಳು.

“ಹಳೇ ಸೊಸೆಗೂ ಆರು ಕಡೆ ನೀವೇ ಅರ ಹಾಕಿದ್ದೀರಿ. ಇಬ್ಬರಿಗೂ ಕುಣಿಯೋಕೆ ಬರಲ್ವಾ, ಮಾವ?”

ಡಾಕ್ಟರಮ್ಮನ ನಗು ನಿಂತಿತು. ಮುದುಕ ಹಳೆಯ ಚಕ್ರವನ್ನು ಕಿಟಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ. ಬೈಯುತ್ತಾನೆ ಎಂದುಕೊಂಡರೆ ಅರ ಕೆಳಗಿಟ್ಟು ಸ್ಕ್ರೂಡ್ರೈವರ್ ಕೇಳಿದ. ಮನೆಯ ಪಕ್ಕದ ತಗಡು ಬಿಚ್ಚಿದಾಗ, ಚಕ್ರವನ್ನು ಮುಂದಕ್ಕೆ ತಳ್ಳುವ ಪುಟ್ಟ ಕೊಕ್ಕೆ ಕಂಡಿತು. ಅದರ ತುದಿ ಸವೆದು ಮೊಂಡಾಗಿತ್ತು. ಯಾವ ಚಕ್ರ ಹಾಕಿದರೂ ಕೂದಲೆಳೆಯಷ್ಟು ಹಿಂದೆಯೇ ನಿಲ್ಲುತ್ತಿತ್ತು, ಪಾಪ ಅವಾದರೂ ಏನು ಮಾಡಿಯಾವು.

ಹೊಸ ಕೊಕ್ಕೆ ಕೂರಿಸಿ ಕಡ್ಡಿ ಬಿಟ್ಟರು. ಒಂದರಿಂದ ಆರರವರೆಗೆ ಸದ್ದೇ ಇಲ್ಲ. ಹಿತ್ತಲಿನಲ್ಲಿ ರಿವಾಲ್ವರನ್ನು ಹಲಗೆಗೆ ಬಿಗಿದು, ಎರಡೂ ಪಕ್ಕ ಬಿಳಿ ಕಾಗದ ನಿಲ್ಲಿಸಿ, ಗೋಡೆಯ ಮರೆಯಿಂದ ದಾರ ಎಳೆದು ಮರಳಿನ ಚೀಲಕ್ಕೆ ಆರು ಗುಂಡು ಹಾರಿಸಿದರು. ಕಾಗದದಲ್ಲಿ ಒಂದು ಚೂರೂ ನಾಟಿರಲಿಲ್ಲ. ಡಾಕ್ಟರಮ್ಮ ಎರಡೂ ಕಾಗದ ಮಡಿಸಿ ಚೀಲದಲ್ಲಿಟ್ಟುಕೊಂಡಳು. ಹೋಗುವಾಗ, ಹಳೆಯ ಚಕ್ರವನ್ನು ಗುಜರಿಗೆ ಹಾಕುತ್ತೀರಾ ಎಂದು ಕೇಳಿದಳು.

ಅವಳು ಹೋದ ಮೇಲೂ ಅದನ್ನು ಅಂಗೈಯಲ್ಲೇ ಉರುಳಿಸುತ್ತಾ ಕುಳಿತಿದ್ದ ಮುದುಕ ಅದನ್ನು ಮೇಜಿನ ಮೇಲಿಟ್ಟು ಕೇಳಿದ:

“ಹಳೇ ಸೊಸೆ ನಂಬರ್ ಇದೆಯೇನಮ್ಮ?”

ಸೊಸೆ ಚಕ್ರವನ್ನು ಬೆಳಕಿಗೆ ಹಿಡಿದು, ಅಂಚಿನಲ್ಲಿ ಕೊರೆದಿದ್ದ ಅಂಕಿಗಳನ್ನು ಓದತೊಡಗಿದಳು. “ನಾಲ್ಕು, ಏಳು, ಒಂದು...”

“ಅದರದ್ದಲ್ಲ,” ಎಂದ ಮುದುಕ. “ಅವಳದು.”