ಅವ್ವ ಮಾಡಿದ ಕನ್ನಡಿ ನವಿಲು

ಮೊನ್ನೆ ನಮ್ಮ ಫ್ಲ್ಯಾಟಿನ ಗೋಡೆಗೆ ಕನ್ನಡಿ ಹಚ್ಚುವಾಗ ಗೋಂದಿನ ವಾಸನೆಗೆ ಚಿಕ್ಕಂದಿನಲ್ಲಿ ನಾವಿದ್ದ ಮರಾಠಿ ಊರು ಖಡಕಿಯ ಒಂದು ಮಧ್ಯಾಹ್ನ ನೆನಪಾಯಿತು.

ನಮ್ಮ ಒಂದೇ ಖೋಲಿಯ ಮನೆಯಲ್ಲಿ ಬೆಳಕು ಕಡಿಮೆ. ಅವ್ವ ಒಡೆದ ಕನ್ನಡಿಯ ಚೂರುಗಳನ್ನು ಗೋಡೆಗೆ ಅಂಟಿಸಿ ಒಂದು ನವಿಲು ಮಾಡಿದ್ದಳು. "ಮನಿ ಎಷ್ಟ ಬೆಳಕಾತು ನೋಡು" ಎಂದು ಹಿಗ್ಗಿದ್ದಳು.

ಅಂದು ಶಾಲೆಯ ಗೆಳತಿ ಮೊದಲ ಸಲ ಮನೆಗೆ ಬಂದಳು. ನವಿಲನ್ನು ನೋಡಿ ಕಿಸಕ್ಕನೆ ನಕ್ಕು, "ಇದನ್ನ ಯಾರು ಮಾಡಿದ್ದು?" ಎಂದು ಮರಾಠಿಯಲ್ಲಿ ಕೇಳಿದಳು.

"ನಮಗಿಂತ ಮೊದಲು ಇದ್ದವರು" ಎಂದುಬಿಟ್ಟೆ.

ಅವಲಕ್ಕಿ ಕಲಸುತ್ತಿದ್ದ ಅವ್ವನ ಕೈ ನಿಂತಿತು. "ಹೌದು, ಅವರೇ ಬಿಟ್ಟು ಹೋದದ್ದು" ಎಂದು ಅವಳೂ ಮರಾಠಿಯಲ್ಲೇ ಹೇಳಿ, ಗೆಳತಿಗೆ ತಟ್ಟೆ ಕೊಟ್ಟಳು.

ನನಗೆ ತಲೆ ಎತ್ತಲಾಗಲಿಲ್ಲ. ಗಾಜು ಕೊಯ್ದ ಬೆರಳುಗಳಿಂದ ಇನ್ನೊಂದು ತಟ್ಟೆಯನ್ನು ನನ್ನತ್ತ ಸರಿಸಿ, ಅವ್ವ ಮೆಲ್ಲಗೆ, "ನೀನೂ ತಿನ್ನವ್ವಾ" ಎಂದಳು.