ಮೂರು ಜೊತೆ ಕಾಯಿ

ತಿಪಟೂರಿನ ಸೈಕಲ್ ಹಬ್ಬದಲ್ಲಿ ಹೆಸರು ಬರೆಯುವ ಮೇಜಿನ ಮುಂದೆ ಗುರುಸಿದ್ದಮ್ಮ ತನ್ನ ಸೈಕಲ್ ತಂದು ನಿಲ್ಲಿಸಿದಾಗ, ಬರೆಯುತ್ತಿದ್ದ ಕಾಲೇಜು ಹುಡುಗಿ ಕೋಮಲಾಳ ಪೆನ್ನು ಅಲ್ಲೇ ನಿಂತಿತು. ಕ್ಯಾರಿಯರ್ ಮೇಲೆ ಗೋಣಿಚೀಲ ಮಡಿಸಿ ಹಾಸಿ, ಗಂಡ ಸಣ್ಣತಿಮ್ಮಯ್ಯನನ್ನು ಕೂರಿಸಿ, ಹಳೇ ಪಂಚೆಯಿಂದ ಅವನ ಸೊಂಟವನ್ನು ಸೀಟಿಗೆ ಬಿಗಿದಿದ್ದಳು. ಸೈಕಲ್ಲಿನ ಎಡಗಡೆ ಮೂರು ಜೊತೆ ಸುಲಿಯದ ತೆಂಗಿನಕಾಯಿ ಜೋತಾಡುತ್ತಿದ್ದವು.

“ಅಜ್ಜಿ, ಸೈಕಲ್ ಹೊಡೆಯೋರು ಯಾರು?”

“ಹೊಡೆಯಾದು ಎಲ್ಲಿ ಬಂತವ್ವ? ನಂಗೆ ತಳ್ಳಾದು ಗೊತ್ತು. ಮೂವತ್ತು ವರ್ಷ ತೋಟದಿಂದ ಕಾಯಿ ತಳ್ಳಿದ್ದೀನಿ. ಎಲ್ರೂ ಬರ್ಬೋದು ಅಂತ ಮೈಕಲ್ಲಿ ಕೂಗ್ಕೊಂಡು ಹೋದೋರು ನೀವೇ ಅಲ್ವಾ?”

“ಬರ್ಬೋದು ಅಜ್ಜಿ, ಯಾರು ಬೇಡ ಅಂದ್ರು? ಈ ಕಾಯಿ ಯಾಕೆ ಅಂತ.”

“ಇವ್ರು ಬಲಗಡೆಗೆ ವಾಲ್ತಾರೆ. ಕಾಯಿ ಎಡಗಡೆಗೆ ಎಳೀತವೆ. ಸಮ ಆಯ್ತದೆ.”

ಕೋಮಲಾ ಪಟ್ಟಿ ತಿರುವಿ ಹಾಕಿದಳು. ನಲವತ್ತು ಕಿಲೋಮೀಟರಿನ ಓಟ ಇವರಿಗೆ ಆಗುವುದಲ್ಲ. ಮಕ್ಕಳದ್ದಂತೂ ಅಲ್ಲವೇ ಅಲ್ಲ. ಕೊನೆಗೆ ಮೂರು ಚಕ್ರದವರು, ಕೋಲು ಹಿಡಿದವರು ಎಲ್ಲರೂ ಸೇರಿದ್ದ ಎರಡು ಕಿಲೋಮೀಟರಿನ ಸವಾರಿಗೆ ಇಬ್ಬರ ಹೆಸರನ್ನೂ ಬರೆದು, ಹ್ಯಾಂಡಲಿಗೆ ನಂಬರಿನ ಚೀಟಿ ಕಟ್ಟಿದಳು.

ಸಣ್ಣತಿಮ್ಮಯ್ಯನೆಂದರೆ ಸುತ್ತಲ ತೋಟದವರೆಲ್ಲ ಬಲ್ಲ ಕಾಯಿ ಸುಲಿಯುವ ಆಳು. ಬೆಳಿಗ್ಗೆ ಸಲಾಕೆ ನೆಟ್ಟನೆಂದರೆ ಹೊತ್ತು ಇಳಿಯುವಷ್ಟರಲ್ಲಿ ಸಾವಿರ ಕಾಯಿ ಬತ್ತಲೆ. ಹಾಗಿದ್ದವನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿ ಹನ್ನೊಂದು ತಿಂಗಳು. ಅಂದಿನಿಂದ ಗೋಡೆಗೆ ಒರಗಿಸಿಟ್ಟ ಮೂಟೆಯ ಹಾಗೆ ಕೂತವನು ಹೊಸಿಲು ದಾಟಿರಲಿಲ್ಲ. ನೆಟ್ಟಗೆ ಕೂರುವ ಅಭ್ಯಾಸ ಮಾಡಿ ಎಂದು ಡಾಕ್ಟರು ಹೇಳಿ ಹೇಳಿ ಸೋತಿದ್ದರು. ಈ ಹಬ್ಬಕ್ಕೆ ಹೊರಡಿಸಲು ಗುರುಸಿದ್ದಮ್ಮ ಒಂದು ವಾರ ಗೋಗರೆದಿದ್ದಳು. ಕಡೆಗೆ ಅವನು ಒಂದು ಷರತ್ತು ಹಾಕಿದ್ದ.

“ಬತ್ತೀನಿ. ಯಾರಾನ ಒಬ್ರು ನನ್ನ ನೋಡಿ ‘ಪಾಪ’ ಅಂದ್ರೋ, ಅಲ್ಲಿಂದ್ಲೇ ಸೈಕಲ್ ತಿರುಗಿಸ್ಬೇಕು. ಆಮೇಲೆ ಯಾವತ್ತೂ ನನ್ನ ಈಚೆಗೆ ಬಾ ಅನ್ಬಾರ್ದು.”

ಆಗಲಿ ಎಂದುಬಿಟ್ಟಿದ್ದಳು. ಎಂಥ ಮಾತಿಗೆ ಸಿಕ್ಕಿಹಾಕಿಕೊಂಡೆ ಎಂದು ತಿಳಿದದ್ದು ಆಮೇಲೆ. ನಮ್ಮ ಕಡೆ ‘ಪಾಪ’ ಎನ್ನದೆ ಯಾರು ತಾನೇ ಮಾತು ಮುಗಿಸುತ್ತಾರೆ? ಕರು ಕುಂಟಿದರೂ ಪಾಪ, ಬಸ್ಸು ತಪ್ಪಿದರೂ ಪಾಪ.

ಸೀಟಿ ಊದಿದರು. ಮೂರು ಚಕ್ರದವರು ಇವರನ್ನು ದಾಟಿ ಮುಂದೆ ಹೋದರು. ಗುರುಸಿದ್ದಮ್ಮ ಎಂದಿನಂತೆ ಸೈಕಲ್ಲಿನ ಎಡಬದಿಗೆ ನಿಂತು, ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಸೀಟಿಗೆ ಕೊಟ್ಟು ತಳ್ಳಿದಳು. ಅವಳು ನೋಡುತ್ತಿದ್ದದ್ದು ದಾರಿಯನ್ನಲ್ಲ, ದಾರಿಬದಿಯವರ ಬಾಯಿಯನ್ನು. ಮೊದಲು ಗಂಡನ ಜೊತೆ ಕಾಯಿ ಸುಲಿಯುತ್ತಿದ್ದ ರುದ್ರೇಶ್ ಚಹಾ ಅಂಗಡಿಯ ಮುಂದೆ ಕಂಡಾಗಂತೂ ಬೇಗ ದಾಟಿಬಿಡಲು ಜೋರಾಗಿ ತಳ್ಳಿದಳು. ಅವನು ಬಾಯಿ ತೆರೆದ.

“ಏನ್ ತಿಮ್ಮಣ್ಣ, ಕಾಯಿ ಸಮೇತ ಹೊಂಟ್ಬಿಟ್ಟಿದ್ದೀಯ?”

“ಸುಲಿಯಾಕೆ ಬಾರ್ಲಾ ನೀನೂ,” ಎಂದ ಸಣ್ಣತಿಮ್ಮಯ್ಯ. ಮಾತು ತೊದಲಿತು, ಆದರೂ ರುದ್ರೇಶ್ ನಕ್ಕ. ಗುರುಸಿದ್ದಮ್ಮನಿಗೆ ಹೋದ ಜೀವ ಬಂತು.

ಕೆರೆ ಏರಿಯ ದಿಬ್ಬ ಹತ್ತುವಾಗ ಆಗಬಾರದ್ದು ಆಗಿಯೇ ಹೋಯಿತು. ನಲ್ಲಿ ಕಟ್ಟೆಯಲ್ಲಿ ಕೊಡ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ ಕೈ ತೋರಿಸಿದಳು. “ಪಾಪ, ಆಯಮ್ಮನ್ನ ನೋಡೇ. ಈ ವಯಸ್ನಾಗೆ ಅಷ್ಟು ಭಾರ ಒಬ್ಳೇ ತಳ್ತಾ ಅವ್ಳೆ.”

ಗುರುಸಿದ್ದಮ್ಮನ ಕಾಲು ನಿಂತವು. ಹಿಂದಕ್ಕೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಕೊಟ್ಟ ಮಾತು ಕೊಟ್ಟದ್ದೇ.

“ತಿರುಗಿಸ್ಲಾ?” ಎಂದಳು.

ಅವನು ಕತ್ತು ಹೊರಳಿಸಿ ನಲ್ಲಿ ಕಟ್ಟೆಯ ಕಡೆ ನೋಡಿದ. “ನಂಗಲ್ಲ ಅಂದಿದ್ದು,” ಎಂದ ಆಮೇಲೆ. “ನಡಿ.”

ಹತ್ತು ಹೆಜ್ಜೆ ಹೋಗಿರಲಿಕ್ಕಿಲ್ಲ, ಸೈಕಲ್ ಎಡಕ್ಕೆ ಎಳೆಯತೊಡಗಿತು. ಮೂವತ್ತು ವರ್ಷದ ಕೈ ಅದು, ಅರ್ಧ ಕಾಯಿಯ ತೂಕ ಆಚೀಚೆ ಆದರೂ ಹೇಳಿಬಿಡುತ್ತದೆ. ಪಂಚೆ ಸಡಿಲವಾಯಿತೇನೋ ಎಂದುಕೊಂಡು ರೇಗಿದಳು. “ನೆಟ್ಟಗೆ ಕೂತ್ಕಳ್ರೀ, ಸೈಕಲ್ಲು ನನ್ ಮೇಲೇ ಬತ್ತಾ ಐತೆ.”

“ನೆಟ್ಟಗೇ ಕೂತಿದ್ದೀನಿ ಕಣೇ. ನಿನ್ ಕಾಯೇ ಜಾಸ್ತಿ ಆಗವೆ.”

ತಿರುಗಿ ನೋಡಿದಳು. ಎಡಗೈಯಲ್ಲಿ ಸೀಟನ್ನು ಅವುಚಿ ಹಿಡಿದು, ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿಕೊಂಡು ಅವನು ತನ್ನ ಮೈಯನ್ನು ತಾನೇ ಎತ್ತಿ ಹಿಡಿದಿದ್ದ. ಹನ್ನೊಂದು ತಿಂಗಳಿಂದ ಜೋತುಬಿದ್ದಿದ್ದ ಬಲಭುಜ ಎರಡು ಬೆರಳಷ್ಟು ಮೇಲೆ ಬಂದಿತ್ತು. ಅಳು ಕಾಣಬಾರದೆಂದು ಮುಖ ತಿರುಗಿಸಿ, ನಲ್ಲಿ ಕಟ್ಟೆಯವಳನ್ನೇ ಕೂಗಿ ಕರೆದು, ಒಂದು ಜೊತೆ ಕಾಯಿ ಬಿಚ್ಚಿ ಅವಳ ಕೈಗಿತ್ತಳು. “ತಗಳವ್ವ, ನೀನಂದಂಗೆ ಭಾರ ಜಾಸ್ತಿನೇ ಆಗಿತ್ತು.”

ಮೈದಾನ ಮುಟ್ಟಿದಾಗ ಮೂರು ಚಕ್ರದವರೆಲ್ಲ ಉಪ್ಪಿಟ್ಟು ತಿಂದು ಕೈ ತೊಳೆಯುತ್ತಿದ್ದರು. ಕೋಮಲಾ ಓಡಿಬಂದು ಇಬ್ಬರ ಕೊರಳಿಗೂ ಪದಕ ಹಾಕಿದವಳು, ಕ್ಯಾರಿಯರ್ ಪಕ್ಕ ಒಂದೇ ಜೊತೆ ಕಾಯಿ ಉಳಿದದ್ದನ್ನು ಕಂಡಳು.

“ಅಯ್ಯೋ ಅಜ್ಜಿ, ಮಿಕ್ಕ ಕಾಯೆಲ್ಲ ಬಿದ್ದೋದ್ವಾ?”

ಗುರುಸಿದ್ದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ಇಲ್ಲ ಕಣವ್ವ. ದಾರೀಲಿ ಒಂದೊಂದೇ ಜೊತೆ ಬೇಡವಾದ್ವು.”