ಸೇತುವೆಯ ಮೇಲೆ ಇಟ್ಟ ಹೆಸರು

ನಾಡು ಎರಡಾಗಿ ಕಾದಾಡುತ್ತಿದ್ದ ಆ ವರ್ಷಗಳಲ್ಲಿ, ಎದುರಿಗಿದ್ದವರ ಹೆಸರು ತಿಳಿದಿದ್ದರೆ ಸೈನಿಕರ ಬಂದೂಕಿನಿಂದ ಗುಂಡು ಹಾರುತ್ತಿರಲಿಲ್ಲ. ಅದಕ್ಕೇ ಗಡಿಯ ಹೊಳೆಯ ಎರಡೂ ದಂಡೆಯ ಸೈನಿಕರು ಕಿವಿಗೆ ಅರಳೆ ತುರುಕಿಕೊಂಡೇ ಕಾವಲು ನಿಲ್ಲುತ್ತಿದ್ದರು.

ದ್ಯಾಮವ್ವನ ಸೊಸೆ ನೀಲವ್ವನಿಗೆ ಹೆರಿಗೆ ನೋವು ಬಂತು. ಆಸ್ಪತ್ರೆ ಇದ್ದದ್ದು ಹೊಳೆಯಾಚೆ, ವೈರಿಗಳ ಕಡೆ. ದ್ಯಾಮವ್ವ ಸೊಸೆಯನ್ನು ಚಕ್ಕಡಿಯಲ್ಲಿ ಮಲಗಿಸಿ, ತಾನೇ ಎತ್ತು ಹೊಡೆದುಕೊಂಡು ಹೊರಟಳು.

ಸೇತುವೆಯ ಮೇಲೆ ಆಚೆ ದಂಡೆಯ ಸೈನಿಕನೊಬ್ಬ ಗುರಿಯಿಟ್ಟ.

"ನಾನು ದ್ಯಾಮವ್ವ! ಒಳಗಿರಾಕಿ ನೀಲವ್ವ!" ಎಂದು ಕೂಗಿದಳು. ಅವನಿಗೆ ಕೇಳಿಸಲಿಲ್ಲ. ಆಕೆ ತೊಟ್ಟಿಲು ತೂಗುವಂತೆ ಕೈಯಾಡಿಸಿದಳು. ಅವನು ನಕ್ಕು, ತಾನಾಗಿಯೇ ಅರಳೆ ತೆಗೆದ.

"ನಿಮ್ಮ ಹೆಸರು ಹೇಳ್ರಿ ಯವ್ವಾ, ನಮ್ಮವರಿಗೆಲ್ಲಾ ಕೂಗಿ ಹೇಳ್ತೀನಿ."

ದ್ಯಾಮವ್ವ ಇಬ್ಬರ ಹೆಸರೂ ಹೇಳಿದಳು. "ಹೊಟ್ಟ್ಯಾಗಿನ ಕೂಸಿಗೆ ಇನ್ನೂ ಹೆಸರಿಲ್ಲಪ್ಪಾ!"

"ಸದ್ಯಕ್ಕ ನನ್ನ ಹೆಸರ ಇಡ್ರಿ. ಯಂಕಣ್ಣ!" ಎಂದವನೇ ಮೂರೂ ಹೆಸರು ಕೂಗುತ್ತ ಗಾಡಿಯ ಮುಂದೆ ಓಡಿದ.

ಹುಟ್ಟಿದ್ದು ಗಂಡು. ಮೊಮ್ಮಗನೊಂದಿಗೆ ಮರಳಿದ ದ್ಯಾಮವ್ವ ತನ್ನ ದಂಡೆಯ ಸೈನಿಕರ ಅರಳೆ ತೆಗೆಸಿ, ಬಾಯಿಗೆ ಸಕ್ಕರೆ ಹಾಕಿದಳು.

"ಕೂಸಿನ ಹೆಸರು ಯಂಕಣ್ಣ. ಅಲ್ಲಿ ಸೇತುವೆ ಮ್ಯಾಲ ನಿಂತಾನಲ್ಲಾ, ಅವನ ಹೆಸರು!"

ಸೈನಿಕರು ಸಕ್ಕರೆ ಚಪ್ಪರಿಸುತ್ತ ಆಚೆ ನೋಡಿದರು. ಒಬ್ಬ ಕೈಯೆತ್ತಿ ಕೂಗಿದ: "ಏ ಯಂಕಣ್ಣಾ, ಊಟ ಆತೇನೋ?"